ಗಿಟಾರಿಗೆ ಬಿದ್ದ ಕುಂಕುಮ

ಪಾಲಿಶ್ ಮೇಸ್ತ್ರಿಯ ಬಲಗೈ ಉಗುರುಗಳು ಹುಣಸೆ ಬೀಜದ ಬಣ್ಣಕ್ಕೆ ತಿರುಗಿದ್ದವು. ನಲವತ್ತು ವರ್ಷ ಅರಗು ಕರಗಿಸಿದ ಸ್ಪಿರಿಟ್ಟಿನಲ್ಲಿ ಅದ್ದಿದ ಕೈ ಅದು, ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಎಡಗೈ ಮಾತ್ರ ಬೇರೆ ಯಾರದೋ ಅನ್ನುವಷ್ಟು ಚೊಕ್ಕವಾಗಿತ್ತು. "ಇದು ದುಡಿಯೋದು, ಅದು ಶೋಕಿ ಮಾಡೋದು" ಎಂದು ಎರಡೂ ಕೈ ತೋರಿಸಿ ನಗುತ್ತಿದ್ದರು.

ಜಾವಗಲ್ಲಿನವರು. ದಿನಾ ಬೆಳಗಿನ ಬಸ್ಸಿಗೆ ಅರಸೀಕೆರೆಗೆ ಬಂದು, ಕೊಬ್ಬರಿ ಮಂಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಾಗಿಲು, ಮಂಚ, ಉಯ್ಯಾಲೆ ಮಣೆಗಳಿಗೆ ಪಾಲಿಶ್ ಮಾಡಿ, ಸಂಜೆ ಬಸ್ಸಿಗೆ ವಾಪಸ್ ಹೋಗುವರು. ಅವಸರ ಅನ್ನುವುದು ಅವರ ಜಾಯಮಾನದಲ್ಲೇ ಇರಲಿಲ್ಲ. "ಆಯ್ತಾ ಮೇಸ್ತ್ರಿ?" ಎಂದು ಯಾರು ಕೇಳಿದರೂ ಒಂದೇ ಉತ್ತರ: "ಇನ್ನೊಂದು ಕೈ ಆಗ್ಲಿ." ಮದುವೆ ಮನೆಯವರು ಮಂಚಕ್ಕೆಂದು ಟೆಂಪೊ ತಂದು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದರೂ ಅದೇ ಉತ್ತರ. ಬೈಸಿಕೊಂಡದ್ದೂ ಉಂಟು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ಹಾಸನದಲ್ಲಿ ಓದುವಾಗ ಗೆಳತಿಯರ ಜೊತೆ ಬೇಸ್ ಗಿಟಾರ್ ನುಡಿಸುತ್ತಿದ್ದೆ. ನಾಲ್ಕೇ ದಪ್ಪ ತಂತಿಗಳ, ತಗ್ಗು ದನಿಯ ಗಿಟಾರು ಅದು. ಅಪ್ಪ ತೀರಿಕೊಂಡ ವರ್ಷ ಮನೆಯೊಳಗಿನ ಮೌನ ತಡೆಯಲಾರದೆ, ನಾವೇ ಜೋಡಿಸಿಕೊಳ್ಳುವ ಕಿಟ್ ಒಂದನ್ನು ತರಿಸಿದೆ. ಡಬ್ಬದಲ್ಲಿ ಬಣ್ಣ ಕಾಣದ ಬರಿಮರದ ಮೈ, ಉದ್ದನೆಯ ಕತ್ತು, ಬಿರಡೆ, ತಂತಿ, ಒಂದಿಷ್ಟು ವೈರು ಇದ್ದವು. ಜೋಡಿಸುವ ಧೈರ್ಯ ಇತ್ತು, ಪಾಲಿಶ್ ಗೊತ್ತಿರಲಿಲ್ಲ. ಮರದ ಮೈಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಮೇಸ್ತ್ರಿಯ ಶೆಡ್ಡಿಗೆ ಹೋದೆ.

"ನಾಲ್ಕೇ ತಂತೀನಾ ಮೇಡಮ್ಮೋರೆ? ಇನ್ನೆರಡು ಕಂಪ್ನಿಯೋರೇ ಮಡೀಕಂಡವ್ರಾ?" ಎಂದು ಶುರು ಮಾಡಿದರು. ಕೆಲಸ ಮಾತ್ರ ಒಪ್ಪಿಕೊಳ್ಳಲಿಲ್ಲ. "ನಾನು ಮಾಡ್ಕೊಟ್ರೆ ಅದು ನಿಮ್ದು ಹೆಂಗಾಯ್ತದೆ?" ಎಂದು ಮರ ಉಜ್ಜುವ ಉಪ್ಪುಕಾಗದವನ್ನು ನನ್ನ ಕೈಗೇ ಕೊಟ್ಟರು. ನುಣುಪಾಗಿದೆಯೇ ಎಂದು ನೋಡಲು ಬೆರಳು ಆಡಿಸಿದರೆ ಗದರುವರು. "ಬೆರಳು ನಂಬಬ್ಯಾಡಿ, ಅದು ಒರಟಾಗೈತೆ. ಕಣ್ಣು ಮುಚ್ಕಂಡು ಕೈ ಹಿಂಭಾಗ ಆಡ್ಸಿ." ಇಷ್ಟೆಲ್ಲ ಉಜ್ಜುವ ಬದಲು ವಾರ್ನಿಶ್ ಹೊಡೆದುಬಿಡಬಾರದೇ ಎಂದು ನಾನು ಗೊಣಗಿದರೆ, "ಹಳೇಬೀಡಲ್ಲಿ ಕಂಬ ನೋಡೀರಲ್ಲ, ಮುಖ ಕಾಣ್ತದೆ. ಅದಕ್ಕೆ ಯಾರು ವಾರ್ನಿಶ್ ಹೊಡೆದವ್ರೆ? ಉಜ್ಜಿದ್ದೇ ಉಜ್ಜಿದ್ದು" ಎಂದು ಬಾಯಿ ಮುಚ್ಚಿಸುವರು. ಹತ್ತು ದಿನ ಉಜ್ಜಿದೆ. ಕೊನೆಗೂ ಮೇಸ್ತ್ರಿ ತಲೆಯಾಡಿಸಿ, ಹಬ್ಬ ಕಳೆದ ಮೇಲೆ ಪಾಲಿಶ್ ಹಚ್ಚೋಣ, ಅಲ್ಲಿಯವರೆಗೆ ಮನೆಯಲ್ಲಿರಲಿ ಎಂದರು.

ಆಯುಧಪೂಜೆಯ ದಿನ ಕಾಲೇಜಿನ ಲ್ಯಾಬಿನ ಪೂಜೆ ಮುಗಿಸಿ ಮನೆಗೆ ಬಂದರೆ, ಗಿಟಾರಿನ ಮೈ ದೇವರ ಮುಂದಿತ್ತು. ಅಮ್ಮ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಕಡೆ ಅರಿಶಿನ ಕಲಸಿ ಹಚ್ಚಿ, ಮೇಲೆ ದಪ್ಪಗೆ ಕುಂಕುಮ ಇಟ್ಟಿದ್ದಳು. ಸ್ಕೂಟರಾಗಿದ್ದರೆ ಒರೆಸಿದರೆ ಹೋಗುತ್ತಿತ್ತು. ಬರಿಮರ ಅಷ್ಟನ್ನೂ ಹೀರಿಕೊಂಡಿತ್ತು. ನಾನು ಒರೆಸಲು ಹೋಗಿ ಇನ್ನಷ್ಟು ಹರಡಿದೆ. ಸಿಟ್ಟು ನೆತ್ತಿಗೇರಿತು. "ನಿಂಗೆ ಯಾರು ಮುಟ್ಟು ಅಂದ್ರು? ಎಲ್ಲಾ ಹಾಳು ಮಾಡ್ದೆ!" ಎಂದು ಕಿರುಚಿದೆ. ಅಪ್ಪ ಹೋದ ಮೇಲೆ ಅಮ್ಮ ತಾನಾಗಿ ಎದ್ದು ಒಂದು ಹಬ್ಬ ಮಾಡಿದ್ದು ಅದೇ ಮೊದಲು ಅನ್ನುವುದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ. ಅವಳು ಒಳಗೆ ಹೋದಳು. ಆಮೇಲೆ ಮೂರು ದಿನ, ಊಟಕ್ಕೆ ಕರೆಯುವುದು ಬಿಟ್ಟರೆ ಮಾತಿಲ್ಲ.

ಹಬ್ಬ ಕಳೆದು ಶೆಡ್ಡಿಗೆ ಒಯ್ದಾಗ ಮೇಸ್ತ್ರಿ ಮರವನ್ನು ಬೆಳಕಿಗೆ ಹಿಡಿದರು, ಮೂಸಿದರು, ಮೆಲ್ಲಗೆ ಕೆಳಗಿಟ್ಟರು.

"ಈ ಸೀಮೇಲಿ ಅರಿಶಿನ ಕುಂಕುಮ ಕುಡೀದಿರೋ ಮರ ಯಾವುದೈತೆ? ಅಮ್ಮಾರಿಗೆ ಏನಂದ್ರಿ?"

ಅಂದದ್ದನ್ನೇ ಹೇಳಿದೆ. ಇನ್ನೊಬ್ಬರೆದುರು ಹೇಳುವಾಗ ಅದು ಮನೆಯಲ್ಲಿ ಅಂದದ್ದಕ್ಕಿಂತ ಕೆಟ್ಟದಾಗಿ ಕೇಳಿಸಿತು.

"ಅವರನ್ನ ಕರ್ಕಂಬನ್ನಿ," ಎಂದರು ಮೇಸ್ತ್ರಿ. "ಈ ಕುಂಕುಮ ಮನೇಲಿ ಮಾಡಿದ್ದೋ ಅಂಗಡೀದೋ ಅಂತ ಅವರೇ ಹೇಳ್ಬೇಕು. ಮನೇದಾದ್ರೆ ಒಂದು ದಾರಿ, ಅಂಗಡೀದಾದ್ರೆ ಇನ್ನೊಂದು."

"ಫೋನ್ ಮಾಡಿ ಕೇಳ್ತೀನಿ."

"ಫೋನಲ್ಲಿ ಆಗಕಿಲ್ಲ. ಮರ ನೋಡೇ ಹೇಳ್ಬೇಕು."

ಮಾರನೇ ದಿನ ಆಟೋದಲ್ಲಿ ಅಮ್ಮ ಒಂದು ಕಡೆ, ನಾನು ಒಂದು ಕಡೆ ಮುಖ ಮಾಡಿಕೊಂಡು ಹೋದೆವು. ಮೇಸ್ತ್ರಿ ಶೆಡ್ಡಿನಲ್ಲಿದ್ದ ಒಂದೇ ಒಂದು ಕುರ್ಚಿಯನ್ನು ಹೆಗಲ ಮೇಲಿನ ಟವೆಲ್ಲಿನಿಂದ ಎರಡೆರಡು ಸಲ ಒರೆಸಿ ಅಮ್ಮನನ್ನು ಕೂರಿಸಿದರು. "ಅವ್ವಾರೇ, ನೀವಿಲ್ದೆ ಈ ಕೆಲ್ಸ ಮುಂದಕ್ಕೆ ಹೋಗಕಿಲ್ಲ" ಎಂದರು.

ಅಮ್ಮ ಮರ ನೋಡಿದಳು. "ಮನೇಲೇ ಮಾಡಿದ್ದು ಮೇಸ್ತ್ರಿ. ಅರಿಶಿನದ ಕೊಂಬು, ನಿಂಬೆರಸ, ಬಿಳಿಗಾರ. ನಮ್ಮನೆಯವರು ಇದ್ದಾಗ ಮಾಡಿದ್ದು. ಆಮೇಲೆ ಭರಣೀನೇ ಎತ್ತಿಟ್ಟುಬಿಟ್ಟಿದ್ದೆ. ಇವಳು ಅಷ್ಟು ಆಸೆಯಿಂದ ಮಾಡ್ತಾವ್ಳಲ್ಲ ಅಂತ ತೆಗೆದೆ."

ಮೇಸ್ತ್ರಿ ನನ್ನ ಕಡೆ ನೋಡಲೇ ಇಲ್ಲ.

"ಮನೇದಾ? ಹಂಗಾರೆ ಬಿಸಿಲಿಗೆ ಬಿಟ್ಕಳ್ತದೆ. ಎಳೆ ಬಿಸಿಲು ಮಾತ್ರ, ಮರ ಸೊಟ್ಟ ಆಗಬಾರ್ದು. ಪಕ್ಕದಲ್ಲೇ ಕೂತು ತಿರುಗಿಸ್ತಾ ಇರ್ಬೇಕು. ಮೇಡಮ್ಮೋರು ಕಾಲೇಜಿಗೆ ಹೋಯ್ತಾರೆ. ಈ ಕೆಲ್ಸ ನಿಮ್ದು."

ಅಮ್ಮ ದಿನಾ ಬೆಳಿಗ್ಗೆ ತಾರಸಿಯ ಮೇಲೆ ಹಪ್ಪಳ ಕಾಯುವ ಹಾಗೆ ಗಿಟಾರ್ ಕಾದಳು. ಮೊದಲು ಹಳದಿ ಹೋಯಿತು, ಆಮೇಲೆ ಕೆಂಪು ಮಾಸುತ್ತಾ ಬಂತು. ಕಾಲೇಜಿಗೆ ಹೊರಡುವ ಮುಂಚೆ ನಾನೂ ಪಕ್ಕದಲ್ಲಿ ಕೂರತೊಡಗಿದೆ. ಒಂದು ದಿನ ಅಮ್ಮ, "ನಿಮ್ಮಪ್ಪ ಇದ್ದಿದ್ರೆ ಯಾವಾಗ ನುಡಿಸ್ತೀಯ, ಯಾವಾಗ ನುಡಿಸ್ತೀಯ ಅಂತ ತಲೆ ತಿಂದುಬಿಡೋರು" ಎಂದಳು. ನನ್ನ ಹತ್ತಿರ ಅಪ್ಪನ ಮಾತು ಎತ್ತಿದ್ದು ಎಷ್ಟೋ ತಿಂಗಳ ಮೇಲೆ. "ತಪ್ಪಾಯ್ತಮ್ಮ" ಎಂದೆ. "ಆ ಕಡೆ ತಿರುಗಿಸು, ಬಿಸಿಲು ಹೋಗ್ತೈತೆ" ಎಂದಳು.

ಮೂರು ವಾರದ ಮೇಲೆ ಒಂದೇ ಒಂದು ತಿಳಿಗೆಂಪು ಕಲೆ ಉಳಿದಿತ್ತು. ಅದನ್ನು ಇಟ್ಟುಕೊಳ್ಳಲೋ ತೆಗೆಯಲೋ ಎಂದು ಮೇಸ್ತ್ರಿ ಕೇಳಿದ್ದು ಅಮ್ಮನನ್ನು, ನನ್ನನ್ನಲ್ಲ. "ಇರ್ಲಿ ಬಿಡಿ" ಎಂದಳು. ಅದರ ಮೇಲೆಯೇ ಅರಗಿನ ಪಾಲಿಶ್ ಹತ್ತಿಪ್ಪತ್ತು ಕೈ ಆಯಿತು. ಕತ್ತು ಕೂರಿಸಿ, ಬಿರಡೆ ಬಿಗಿದು, ತಂತಿ ಏರಿಸಿ, ನಮ್ಮ ಹಾಲಿನಲ್ಲಿ ಮೊದಲ ಸಲ ನುಡಿಸಿದ ದಿನ ಮೇಸ್ತ್ರಿಯೂ ಬಂದಿದ್ದರು. "ಇದು ಕಿವೀಗಿಂತ ಹೊಟ್ಟೆಗೆ ಜಾಸ್ತಿ ಕೇಳ್ತದೆ" ಎಂದರು. ಅಮ್ಮ ಕೊಟ್ಟ ಕಾಫಿ ಕುಡಿದು, ಬಸ್ಸಿನ ಹೊತ್ತಾಯಿತೆಂದು ಹೊರಟರು.

ಈ ಆಷಾಢದಲ್ಲಿ ಎದೆನೋವೆಂದು ಮಲಗಿದ ಮೇಸ್ತ್ರಿ ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ನಾನು ಜಾವಗಲ್ಲಿಗೆ ಹೊರಟಾಗ ಅಮ್ಮ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. "ನಾನೂ ಬತ್ತೀನಿ" ಎಂದಳು. ದಾರಿಯುದ್ದಕ್ಕೂ ನಾನು ಅವರು ಕಲಿಸಿದ ಕೆಲಸವನ್ನೇ ನೆನೆಯುತ್ತಿದ್ದೆ. ನನ್ನ ಮೇಲಿರುವುದು ಅಷ್ಟೇ ಋಣ ಎಂದುಕೊಂಡಿದ್ದೆ.

ಅಮ್ಮ ಮೇಸ್ತ್ರಿಯ ಹೆಂಡತಿಯ ಕೈ ಹಿಡಿದು ಬಹಳ ಹೊತ್ತು ಕೂತಳು. ಏನಾದರೂ ಹೇಳಬೇಕಲ್ಲ ಎಂದು ನಾನು ಗಿಟಾರಿನ ಕತೆ ಹೇಳಿದೆ. ಕುಂಕುಮ ಯಾವುದೆಂದು ಕೇಳಲು ಅಮ್ಮನನ್ನು ಶೆಡ್ಡಿಗೇ ಕರೆಸಿದ್ದನ್ನೂ ಹೇಳಿದೆ. ಆಕೆ ಕಣ್ಣೊರೆಸಿಕೊಂಡು ಅಚ್ಚರಿಯಿಂದ ನೋಡಿದರು.

"ಅವರು ಕೇಳ್ಬೇಕಿತ್ತಾ? ಊರೂರ ಹೊಸ್ತಿಲು ಉಜ್ಜಿದೋರು. ಒಂದ್ಸಲ ಮೂಸಿದ್ರೆ ಸಾಕು, ಮನೇದೋ ಅಂಗಡೀದೋ ಅಂದ್ಬಿಡೋರು."

ನಾನು ಅಮ್ಮನ ಮುಖ ನೋಡಿದೆ.

"ಕುರ್ಚಿ ಒರೆಸಿದಾಗ್ಲೇ ನಂಗೆ ಗೊತ್ತಾಯ್ತು ಕಣೇ" ಎಂದಳು ಅಮ್ಮ.