ಫರಸಿ ಕಲ್ಲಿನ ಸಂದಿಯ ಮಂದಿ

ಮೊನ್ನೆ ಪರೀಕ್ಷಾ ಕೊಠಡಿಯಲ್ಲಿ ಹುಡುಗಿಯೊಬ್ಬಳು ಹಾಳೆ ಹರಿಯುವಂತೆ ರಬ್ಬರ್ ತಿಕ್ಕುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಬಾದಿನ ಶಾಲೆಯ ವಿಜ್ಞಾನದ ಸರ್ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ನಾನು ಕನ್ನಡ ಟೀಚರಾಗಿ ಸೇರಿದಾಗ ಸ್ಟಾಫ್ ರೂಮಿನಲ್ಲಿ ಅವರದು ನನ್ನ ಪಕ್ಕದ ಕುರ್ಚಿ. ವಹಿಯೊಂದರಲ್ಲಿ ಪೆನ್ಸಿಲಿನಿಂದ ಒಂದು ಕಥೆ ಬರೆಯುತ್ತಿದ್ದರು. ಪ್ರತಿ ಶನಿವಾರ ಏಳನೆಯ ತರಗತಿಗೆ ಅದನ್ನು ಓದಿ ಹೇಳುತ್ತಿದ್ದರು. ಹಳೆಯ ಗಣಿಯಲ್ಲಿ ಒಟ್ಟಿದ, ನೆಲಕ್ಕೆ ಹಾಸುವ ಫರಸಿ ಕಲ್ಲುಗಳ ಸಂದಿಯಲ್ಲಿ ಬದುಕುವ ಗೇಣುದ್ದದ ಮಂದಿಯ ಕಥೆ. ಒಂದು ಜೋಳದ ತೆನೆ ಅವರ ಮನೆಗೆ ತಿಂಗಳ ಕಾಳು. ಮಾತೆತ್ತಿದರೆ ಬೈಯುವ ಒಬ್ಬ ಅಜ್ಜಿ ಇದ್ದಳು... ಅವಳ ಬೈಗುಳಕ್ಕೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಒಂದು ಶನಿವಾರ ಅಜ್ಜಿಯ ಪುಟ್ಟ ಮೊಮ್ಮಗಳು ಸಂದಿಯಲ್ಲಿ ಮಲಗಿರುವಾಗಲೇ ಆ ಕಲ್ಲುಗಳನ್ನು ಲಾರಿಗೆ ಹೇರಿಬಿಟ್ಟರು. ಅಷ್ಟಕ್ಕೆ ಗಂಟೆ ಹೊಡೆಯಿತು.

ಅದೇ ವಾರ ನಾನು ಮಾಡಬಾರದ್ದನ್ನು ಮಾಡಿದೆ. ದೂರದ ದ್ವೀಪವೊಂದರ ಗುಹೆಯಲ್ಲಿ ಮೂರೂವರೆ ಅಡಿ ಎತ್ತರದ, ಸಣ್ಣ ಮಿದುಳಿನ ಪ್ರಾಚೀನ ಮಾನವರ ಎಲುಬು ಸಿಕ್ಕ ಸುದ್ದಿ ಪೇಪರಿನಲ್ಲಿ ಬಂದಿತ್ತು. ಖುಷಿಪಡುತ್ತಾರೆಂದು ಕತ್ತರಿಸಿ ತಂದು ಕೊಟ್ಟೆ. ಅವರು ಎರಡು ಸಲ ಓದಿ, "ಹಂಗಾದ್ರ ನಾ ಬರ್ದಿದ್ದೆಲ್ಲಾ ಸುಳ್ಳಾತಲ್ಲ, ತಂಗಿ" ಅಂದರು.

ರಬ್ಬರ್ ಕೈಗೆತ್ತಿಕೊಂಡವರು ಮತ್ತೆ ಕೆಳಗಿಡಲಿಲ್ಲ. ಗೇಣುದ್ದದವರು ಮೂರೂವರೆ ಅಡಿಯವರಾದರು. ಜೋಳದ ಲೆಕ್ಕ ತಪ್ಪಿತು. ಅಷ್ಟು ಸಣ್ಣ ಮಿದುಳಿನವರು ಮಾತಾಡುತ್ತಿದ್ದರೋ ಇಲ್ಲವೋ ಎಂದು ಅಜ್ಜಿಯ ಬಾಯಿ ಮುಚ್ಚಿಸಿದರು. ಮುಂದೆ ಯಾರೋ ವಿಜ್ಞಾನಿಗಳು, ಆ ದ್ವೀಪದವರು ಬೇರೆ ಮಾನವಕುಲದವರಲ್ಲ, ಕಾಯಿಲೆಯಿಂದ ಕುಗ್ಗಿದ ನಮ್ಮಂಥವರೇ ಎಂದು ವಾದಿಸಿದರು. ಸರ್ ಅದಕ್ಕೂ ತಕ್ಕಂತೆ ಕಥೆ ತಿದ್ದಿದರು. ಎಲ್ಲಿಯ ದ್ವೀಪ, ಎಲ್ಲಿಯ ನಮ್ಮ ಗಣಿ! ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

"ಕಥೀಗಿ ಯಾರ್ ಸಾಕ್ಷಿ ಕೇಳ್ತಾರ್ರೀ ಸರ್? ಹುಡುಗ್ರು ಕಾಯಾಕತ್ತಾರ" ಎಂದು ಬೇಡಿಕೊಂಡೆ.

"ವಿಜ್ಞಾನದ ಮಾಸ್ತರ ಇದ್ದೀನವ್ವಾ. ತಪ್ಪು ಹೆಂಗ್ ಹೇಳ್ಲಿ?"

ಶನಿವಾರದ ಓದು ನಿಂತೇಹೋಯಿತು. ಮುಂದೇನಾಯಿತೆಂದು ಮಕ್ಕಳು ಕೇಳಿ ಕೇಳಿ ಸುಮ್ಮನಾದರು, ಪಾಸಾಗಿ ಮುಂದಿನ ತರಗತಿಗೆ ಹೋದರು. ಆ ಸುದ್ದಿ ತಂದು ಕೊಟ್ಟವಳು ನಾನೇ ಎಂಬುದು ಇವತ್ತಿಗೂ ನನಗೆ ನುಂಗಲಾರದ ತುತ್ತು.

ನಿವೃತ್ತರಾದ ಎರಡೇ ವರ್ಷಕ್ಕೆ ಸರ್ ತೀರಿಕೊಂಡರು. ಅವರ ಹೆಂಡತಿ ಕಥೆಯ ಆ ವಹಿಯನ್ನು ನನಗೆ ಕೊಟ್ಟರು. ಹಾಳೆಗಳು ಸವೆದು ತೆಳುವಾಗಿವೆ. ಅಜ್ಜಿಯ ಒಂದು ಬೈಗುಳವೂ ಉಳಿದಿಲ್ಲ... ಲಾರಿಯ ಅಧ್ಯಾಯಕ್ಕೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ಬರೆದಿದ್ದಾರೆ: 'ಇಷ್ಟು ಎತ್ತರದವರ ಮಗು ಸಂದಿಯಲ್ಲಿ ಹಿಡಿಸುವುದಿಲ್ಲ.'

ಹೋದ ತಿಂಗಳು ವಾಡಿ ಸ್ಟೇಷನ್ನಿನಲ್ಲಿ ಆ ತರಗತಿಯ ಹುಡುಗಿಯೊಬ್ಬಳು ಸಿಕ್ಕಳು. ಈಗ ಅವಳೂ ಎಲ್ಲೋ ಟೀಚರಂತೆ. ಅದೂ ಇದೂ ಮಾತಾಡಿ, ರೈಲು ಬರುವ ಹೊತ್ತಿಗೆ, "ಟೀಚರ್, ಲಾರ್ಯಾಗ ಹೋದ ಆ ಕೂಸು ವಾಪಸ್ ಮನೀಗಿ ಬಂತೇನ್ರೀ?" ಎಂದು ಕೇಳಿದಳು.

ಸರ್ ತೀರಿಕೊಂಡರು ಎಂದೆ. ಅವಳು ಕೇಳಿದ್ದು ಅದನ್ನಲ್ಲ.