ನಾಕು ಬಟ್ಟು ಗಿಡ್ಡ ರಿಂಗು

ಇಳಕಲ್ಲಿನ ನಮ್ಮ ಕಾಲೇಜಿಗೆ ಬಾಸ್ಕೆಟ್‌ಬಾಲ್ ಕೋಚ್ ಬೇಕಂತ ಕರದಾಗ ಬಂದಾಕಿ ಒಬ್ಬಾಕಿನಽ, ಹುನಗುಂದದ ಅಕ್ಷತಾ. ಸಣ್ಣ ವಯಸ್ಸು, ಯುನಿವರ್ಸಿಟಿ ಟೀಮಿನ್ಯಾಗ ಆಡಿದಾಕಿ. ಇಂಥಾಕಿ ನಮ್ಮಲ್ಲಿಗೆ ಯಾಕ ಬಂದ್ಳು? ಪ್ರಿನ್ಸಿಪಾಲ ಆದ ನನಗ ಸಂಶೇ ಶುರುವಾದದ್ದಽ ಅಲ್ಲಿ. ಅಕಿ ಹಿಂದಿನ ಕಾಲೇಜಿಗೆ ಫೋನ್ ಹಚ್ಚಿದೆ. "ಬಂಗಾರದಂಥ ಹುಡುಗಿ, ಬಿಡಬ್ಯಾಡ್ರಿ" ಅಂದ್ರು. ಇಷ್ಟು ಹೊಗಳ್ತಾರಂದ್ರ ಸಾಗಹಾಕಾಕ ನೋಡಾಕತ್ತಾರ ಅಂತ ಸಂಶೇ ಇನ್ನಷ್ಟು ಗಟ್ಟಿ ಆತು.

"ನಮ್ಮ ಹುಡುಗ್ಯಾರು ಇಲ್ಲಿ ಒಮ್ಮೆನೂ ಸೋತಿಲ್ಲ. ಬಾಗಲಕೋಟಿಗೆ ಹೋದ್ರ ಮಾತ್ರ ಸೋಲ್ತಾರ. ಅಲ್ಲಿ ರೆಫರಿಗೋಳು ಮೋಸ ಮಾಡ್ತಾರ" ಅಂದೆ.

"ಮೊದಲ ಗ್ರೌಂಡ್ ತೋರಸ್ರಿ ಸರ್" ಅಂದ್ಳು.

ಗ್ರೌಂಡಿನ್ಯಾಗ ಬ್ಯಾಗಿನಿಂದ ಟೇಪು ತಗದು, ಏಣಿ ಹತ್ತಿ, ರಿಂಗಿನಿಂದ ನೆಲದ ತನಕ ಅಳದ್ಳು. ಕೆಲಸ ಕೇಳಾಕ ಬಂದಾಕಿ ಬ್ಯಾಗಿನ್ಯಾಗ ಟೇಪು ಯಾಕ?

"ಹತ್ತು ಅಡಿ ಇರಬೇಕ್ರಿ, ನಾಕು ಬಟ್ಟು ಕಮ್ಮಿ ಐತಿ. ಈ ಗ್ರಾನೈಟ್ ಫರಸಿ ಆಮ್ಯಾಲೆ ಹಾಕಿಸೀರೇನ್ರಿ?"

ಹಾಕಿಸಿದಾವ ನಾನಽ. ಪಾಲಿಶ್ ಫ್ಯಾಕ್ಟರಿಯವ್ರು ಉಳದ ಕಲ್ಲು ದಾನ ಕೊಟ್ಟಿದ್ರು. ನೆಲ ಏರಿತು, ರಿಂಗು ಏರಿಸೋದು ಯಾರಿಗೂ ಹೊಳೀಲಿಲ್ಲ.

"ಗಿಡ್ಡ ರಿಂಗಿಗೆ ರೂಢಿಯಾದವ್ರು ಹೊರಗ ಹೋಗಿ ಬಾಲ್ ಒಗದ್ರ ಅದು ರಿಂಗಿಗೆ ಬಡದು ವಾಪಸ್ ಬರ್ತೈತ್ರಿ. ಅದು ರೆಫರಿ ಮೋಸ ಅಲ್ಲ" ಅಂತ ಅಕಿ ಟೇಪು ಸುತ್ತಿದ್ಳು.

ರೆಫರಿಗೋಳ ಮ್ಯಾಲೆ ಮೂರು ಸಲ ದೂರು ಬರದಾವನೂ ನಾನಽ. ಅವತ್ತಽ ನೌಕರಿ ಆರ್ಡರ್ ಅಕಿ ಕೈಯಾಗಿಟ್ಟೆ. ಛಲೋ ಕೋಚ್ ಅಂತ ಅಲ್ರಿ. ಈ ಮಾತು ತಗೊಂಡು ಅಕಿ ಬಾಗಲಕೋಟಿ ಬಸ್ ಹತ್ತಿಗಿತ್ತಿದ್ರ ಅಂತ.