ಎಡಗೈಗೆ ಮಾಡಿದ ಪೆನ್ನುಗಳು

ಹೋದ ವಾರ ಧಾರವಾಡದಿಂದ ಬಂದ ಬೀಗರಿಗೆ ಕಾಡು ತೋರಿಸಲು ಅಣಶಿಯ ಕಡೆ ಹೋಗಿದ್ದೆ. ನಮ್ಮಲ್ಲಿ ಕಾಡು ತೋರಿಸುವುದೆಂದರೆ ಮೊದಲು ಊಟ ತೋರಿಸುವುದು. ಜೋಯಿಡಾ ದಾಟಿದ ಮೇಲೆ ರಸ್ತೆ ಪಕ್ಕದ ಹೋಮ್‌ಸ್ಟೇ ಒಂದರಲ್ಲಿ ಊಟಕ್ಕೆ ಹೇಳಿ, ಕೈ ತೊಳೆಯಲು ಹೊರಟವನು ಗಾಜಿನ ಕಪಾಟಿನ ಮುಂದೆ ನಿಂತುಬಿಟ್ಟೆ. ಬಿದಿರಿನ ಕಿವಿಯೋಲೆ, ಮಣಿಸರ, ಕೌದಿ ತುಂಡಿನ ಚೀಲಗಳ ನಡುವೆ ಕಪ್ಪು ಮಖಮಲ್ಲಿನ ಮೇಲೆ ಮೂರು ಕಟ್ಟಿಗೆಯ ಪೆನ್ನುಗಳು ಮಲಗಿದ್ದವು. ಒಂದಕ್ಕೆ ಬಸುರಿಯ ಹೊಟ್ಟೆ, ಒಂದಕ್ಕೆ ಉಳುಕಿದ ಕುತ್ತಿಗೆ, ಇನ್ನೊಂದರ ಬೆನ್ನಿಗೆ ಬೆರಳು ತೂರಿಸುವಂಥ ತೂತು.

"ಕಲೆಕ್ಟರ್ಸ್ ಐಟಂ ರೀ ಸರ," ಅಂದ ಅಲ್ಲಿಯ ಮ್ಯಾನೇಜರ. "ಒಂದರಂಗ ಇನ್ನೊಂದಿಲ್ಲ. ಮಾಡಾವ್ರು ಈಗ ಮಾಡೂದು ಬಿಟ್ಟಾರಂತ. ಪುಣೆ ಕಡೆಯವರು ಪೆಟ್ಟಿಗ್ಯಾಗ ಇಡಾಕ ಒಯ್ತಾರ."

"ಬರಿಯೂದಿಲ್ಲೇನು?"

"ಇದರಾಗ ಯಾರ ಬರೀತಾರ್ರಿ!" ಎಂದು ಅವನು ನಕ್ಕ.

ಒಂದರಂತೆ ಇನ್ನೊಂದು ಯಾಕಿಲ್ಲ ಎಂಬುದು ನನಗೆ ಗೊತ್ತಿತ್ತು. ಹೇಳಲು ನಾಲಿಗೆ ತುರಿಸಿತು. ಆದರೆ ಬೀಗರ ಮುಂದೆ ಕಣ್ಣೀರು ಹಾಕುವುದು ಚೆನ್ನಲ್ಲವೆಂದು ಅನ್ನ ಸಾರು ಕಲಸಿಕೊಂಡು ಸುಮ್ಮನೆ ಉಂಡೆ. ನಿಮ್ಮ ಮುಂದೆ ಹೇಳಬಹುದು. ನೀವು ಬೀಗರಲ್ಲ.

ನಾನು ಮಾತು ಕಲಿತದ್ದು ಶಾಲೆಯಲ್ಲಲ್ಲ. ಅರ್ಧ ಸಾಂಬ್ರಾಣಿ ಎಂಬ ಹಳ್ಳಿಯಲ್ಲಿ ನಮ್ಮ ಅಜ್ಜಿಯ ತೊಡೆಯ ಮೇಲೆ, ಉಳಿದರ್ಧ ದಾಂಡೇಲಿಯಲ್ಲಿ ನೀಲಾ ಕಾಕುನ ಕಟ್ಟೆಯ ಮೇಲೆ. ಕಂಡದ್ದನ್ನು ಕಂಡಂತೆ ಹೇಳುವುದನ್ನು ಅಜ್ಜಿ ಕಲಿಸಿದಳು. ಕಾಣದ್ದನ್ನೂ ಸೇರಿಸಿ ಹೇಳುವ ವಿದ್ಯೆ ಕಾಕುನಿಂದ ಬಂತು. ಕಾಕು ಅಂದರೆ ಚಿಕ್ಕಮ್ಮ, ಆದರೆ ನೆಂಟಸ್ತಿಕೆಯೇನಲ್ಲ, ಪಕ್ಕದ ಮನೆಯವಳು. ಅವಳ ಗಂಡ ಶಿವಪ್ಪ ಕಾಕಾ ಕಾಗದದ ಗಿರಣಿಯ ವರ್ಕ್‌ಶಾಪಿನಲ್ಲಿ ಟರ್ನರ್. ಮಕ್ಕಳಿರಲಿಲ್ಲ. ನಿವೃತ್ತಿಯಾದ ಮೇಲೆ ಕಟ್ಟಿಗೆ ತಿರುಗಿಸಿ ಕಡೆಯುವ ಒಂದು ಹಳೆಯ ಸಣ್ಣ ಲೇತ್ ಮಷೀನು ಕೊಂಡು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕೂರಿಸಿ, ಓಣಿಯವರಿಗೆಲ್ಲ ಲಟ್ಟಣಿಗೆ, ಬುಗುರಿ ಮಾಡಿ ಕೊಡುತ್ತಿದ್ದ.

ಆ ಮಷೀನಿನ ಸದ್ದಿನಲ್ಲಿ ಸಂಸಾರ ಮಾಡುವುದೆಂದರೆ ಕೂಗಿಯೇ ಮಾಡಬೇಕು. ಗಿರಣಿಯ ಭೋಂಗಾ ಕೂಗಿದಾಗ ನಾವೆಲ್ಲ ಮಾತು ನಿಲ್ಲಿಸುತ್ತಿದ್ದೆವು, ಕಾಕು ಮಾತ್ರ ನಿಲ್ಲಿಸುತ್ತಿರಲಿಲ್ಲ. "ಆ ಭೋಂಗಾಕ್ಕ ಕೂಗೂದು ಕಲಿಸಿದಾಕಿ ನಾನ," ಅನ್ನುತ್ತಿದ್ದಳು. ಕಾಕಾನ ಮೇಲೆ ಅವಳದು ಒಂದೇ ದೂರು. "ನಿಮ್ಮ ಕಾಕಾನ ಕಿವ್ಯಾಗ ಆ ಮಷೀನ ಮನಿ ಮಾಡೇತಿ. ನಾ ಬಾಡಿಗಿಯಾಕಿ, ಹೊರಗ ನಿಂತೀನಿ." ಇದನ್ನು ಕೇಳಿ ಕಾಕಾ ಮುಸಿಮುಸಿ ನಗುತ್ತಿದ್ದ. ಕೇಳಿಸಿತ್ತೋ ಇಲ್ಲವೋ, ನಗುವುದಂತೂ ಅವನಿಗೆ ರೂಢಿಯಾಗಿತ್ತು.

ಒಂದು ಬೆಳಗ್ಗೆ ಕಾಕುಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರಾ ಹೋಯಿತು. ಹುಬ್ಬಳ್ಳಿಯ ದವಾಖಾನೆಯ ವರಾಂಡದಲ್ಲಿ ಕೂತು ಕಾಕಾ ನನಗೆ ಹೇಳಿದ್ದಿಷ್ಟು: "ನಾ ಮಷೀನ ಮ್ಯಾಲಿದ್ದೆ. ಬಾಗಲದಾಗ ಬಂದು ಏನೋ ಅಂದ್ಲು. ನಾ ಹಿಂಗ ಕೈ ಎತ್ತಿದೆ, ತಡಿ ಅಂತ. ಬಂದ್ ಮಾಡಿ ತಿರಗತೀನಿ, ಹೊಸ್ತಲದ ಮ್ಯಾಲ ಕುಂತಾಳ, ಬಾಯಿ ಒಂದ ಕಡೆ ಹೋಗೇತಿ. ಏನಂದ್ಲು ಅಂತ ನಾ ಕೇಳಲಿಲ್ಲೋ ತಮ್ಮಾ."

ಎತ್ತಿದ ಆ ಕೈಯನ್ನು ಅವನು ನನ್ನ ಮುಂದೆಯೂ ಎತ್ತಿ ತೋರಿಸಿದ. ಇಳಿಸುವುದನ್ನು ಮರೆತ.

ಮನೆಗೆ ಬಂದ ಮೇಲೆ ಕಾಕುಗೆ ಎಲ್ಲವೂ ತಿಳಿಯುತ್ತಿತ್ತು, ಆಡಲು ಮಾತ್ರ ಬರುತ್ತಿರಲಿಲ್ಲ. ಕಾಕಾ ಹಾಸಿಗೆಯ ಹತ್ತಿರ ಕೂತು ಕೇಳುತ್ತಿದ್ದ: "ನಳಾ ಬಂದೈತಿ ಅನ್ನಾಕ ಬಂದಿದ್ದೇನ?" ಅವಳು ಗೋಣು ಹಾಕುವಳು. "ಸಂತಿಗೆ ಹೋಗೂಣು ಅನ್ನಾಕ?" ಅದಕ್ಕೂ ಗೋಣು. ಕಾಕಾ ನನ್ನ ಕಡೆ ತಿರುಗಿ, "ನೋಡು, ಸುಳ್ಳ ಹೇಳಾಕತ್ತಾಳ. ನನ್ನ ಸಮಾಧಾನಕ್ಕ," ಅನ್ನುತ್ತಿದ್ದ. ಬಾಯಿ ಹೋದ ಮೇಲೂ ಕಾಕು ತನ್ನ ವಿದ್ಯೆ ಬಿಟ್ಟಿರಲಿಲ್ಲ. ತಲೆ ಸಿಡಿಯುತ್ತಿದೆ, ಹಿಡಿದುಕೊಳ್ಳಿ ಎನ್ನಲು ಬಂದಿದ್ದೆಯಾ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕಾಕಾ ಕೇಳಲಿಲ್ಲ. ಅದಕ್ಕೂ ಅವಳು ಗೋಣು ಹಾಕಿಬಿಟ್ಟರೆ?

ರೂಢಿ ಮಾಡಿಸಿದರೆ ಎಡಗೈಯಲ್ಲಿ ಬರೆದಾರು ಎಂದು ಡಾಕ್ಟರು ಹೇಳಿದ್ದರು. ಅಂಗಡಿಯ ಪೆನ್ನು ಅವಳ ಮುಷ್ಟಿಯಲ್ಲಿ ನಿಲ್ಲುತ್ತಿರಲಿಲ್ಲ, ಜಾರಿ ಮಂಚದ ಕೆಳಗೆ ಹೋಗುತ್ತಿತ್ತು. ಆಗ ಶುರುವಾದದ್ದು ಈ ಪೆನ್ನುಗಳ ಕಥೆ. ಕಾಕಾ ಚಪಾತಿಯ ಕಣಕ ನಾದಿ ಅವಳ ಎಡಗೈಯಲ್ಲಿಟ್ಟು, "ಹಿಚುಕ," ಅನ್ನುತ್ತಿದ್ದ. ಬೆರಳು ಮೂಡಿದ ಆ ಕಣಕದ ಮುದ್ದೆಯನ್ನು ಮುಂದಿಟ್ಟುಕೊಂಡು ಹಲಸು, ಸಾಗವಾನಿ, ಬೀಟೆ, ಸಿಕ್ಕ ತುಂಡನ್ನೆಲ್ಲ ಮಷೀನಿಗೆ ಹಾಕುತ್ತಿದ್ದ. ಮಷೀನಿಗೆ ಬರುವುದು ದುಂಡಗೆ ಮಾಡುವುದೊಂದೇ. ಉಳಿದ ತಗ್ಗು ದಿನ್ನೆಗಳೆಲ್ಲ ಅರದಲ್ಲಿ ಉಜ್ಜಿ, ಪಾಲಿಶ್ ಕಾಗದದಲ್ಲಿ ತಿಕ್ಕಿ ಆಗಬೇಕು. ಒಳಗೆ ಹಾಕುವ ರೀಫಿಲ್ಲು ಅಂಗಡಿಯದು.

ಮೊದಲನೆಯದನ್ನು ನೋಡಿ ಕಾಕು ಅರ್ಧ ಮುಖದಲ್ಲೇ ನಕ್ಕಳು. ಅದು ಪೆನ್ನಾಗಿರದೆ ಮೂತಿ ಚೂಪು ಮಾಡಿದ ಲಟ್ಟಣಿಗೆಯಾಗಿತ್ತು. ಆಮೇಲೆ ಬಂದವುಗಳಲ್ಲಿ ಕೆಲವು ಭಾರ, ಕೆಲವು ನುಣುಪು. ಈ ವಾರ ಮಡಚಿದ ಬೆರಳು ಮುಂದಿನ ವಾರ ಮಡಚದು, ಕಣಕದ ಮುದ್ದೆಯೂ ಬೇರೆಯಾಗುವುದು, ಪೆನ್ನೂ ಬೇರೆ. ಅವಳು ಹಿಡಿದು ನೋಡಿ, ಮೆಲ್ಲಗೆ ಹಾಸಿಗೆಯ ಮೇಲಿಡುವಳು. ಕಾಕಾ ಅದನ್ನೆತ್ತಿ ಕಿಟಕಿಯಲ್ಲಿಟ್ಟು ಮತ್ತೆ ಕಣಕ ನಾದುವನು. ನನ್ನ ಹೆಂಡತಿ ಗೊಣಗಿದಳು: "ಚಪಾತಿ ಉಣ್ಣೂದ ಬಿಟ್ಟು ಹಿಟ್ಟನ್ನೆಲ್ಲ ಪೆನ್ನಿಗೆ ಹಾಕಾಕತ್ತಾರ ಕಾಕಾ." ಗೊಣಗಿಯೂ ದಿನಾ ಅವರಿಗೆ ಚಪಾತಿ ಕಟ್ಟಿ ಕಳಿಸುತ್ತಿದ್ದಳು.

ಹೊಳೆಯಲ್ಲಿ ದೋಣಿ ಆಡಲು ಬಂದವರ ಗುಂಪಿನಲ್ಲಿ ಆಭರಣ, ಪೆನ್ನುಗಳ ಡಿಸೈನ್ ಮಾಡುವ ಒಬ್ಬ ಹುಡುಗಿ ಇದ್ದಳು. ಓಣಿಯಲ್ಲಿ ಹಾದುಹೋಗುವಾಗ ಕಿಟಕಿ ನೋಡಿ ಒಳಗೇ ಬಂದಳು. ಒಂದೊಂದನ್ನೂ ಎತ್ತಿ, ಕೆನ್ನೆಗೆ ತಾಗಿಸಿ ನೋಡಿ, "ಈ ಡಿಸೈನಿಗೆ ಏನಂತೀರಿ?" ಎಂದು ಕೇಳಿದಳು.

"ಏನನ್ನೂದವಾ, ಇದು ಆಗಲಿಲ್ಲ," ಅಂದ ಕಾಕಾ.

"ಮತ್ತೆ ಇದು?"

"ಅದೂ ಆಗಲಿಲ್ಲ."

ಹುಡುಗಿ ಒಳ್ಳೆಯವಳು. ಕಿಟಕಿಯಲ್ಲಿದ್ದದ್ದನ್ನೆಲ್ಲ ಹೋಮ್‌ಸ್ಟೇಗಳಲ್ಲಿ ಮಾರಲೆಂದು ಕೊಂಡು, ಇಂಥವೇ ಇನ್ನಷ್ಟು ಮಾಡಿಕೊಡಿ ಅಂದಳು. "ಆಗಲಾರದ್ದನ್ನ ಬೇಕಂತ ಹೆಂಗ ಮಾಡ್ಲೇವಾ?" ಎಂದು ಕಾಕಾ ನಿಜವಾಗಿಯೂ ತಿಳಿಯದೆ ಕೇಳಿದ. ಮಂಚದ ಮೇಲಿದ್ದ ಕಾಕು ಮೈ ಕುಲುಕಿಸಿ ನಕ್ಕಳು, ಸದ್ದೇ ಇಲ್ಲದ ನಗು. ಭೋಂಗಾಕ್ಕೆ ಕೂಗು ಕಲಿಸಿದ ಬಾಯಿ ಅದು. ನಾನು ಎದ್ದು ಹೊರಗೆ ಹೋದೆ.

ಹಸಿ ಶುಂಠಿಯಂತೆ ಕೊಂಬು ಕೊಂಬಾಗಿದ್ದ ಹಲಸಿನ ಪೆನ್ನೊಂದು ಕೊನೆಗೆ ಅವಳ ಕೈಗೆ ಕೂತಿತು. ಆ ಮಧ್ಯಾಹ್ನ ನಾನೂ ಅಲ್ಲಿದ್ದೆ. ಕಾಕಾ ರಟ್ಟಿನ ಮೇಲೆ ಕಾಗದ ಇಟ್ಟು ಹಿಡಿದ. ಇರುವೆ ಹರಿದಂತೆ ಅಕ್ಷರ ಮೂಡಿದವು: ಸಾರಿಗೆ ಉಪ್ಪಿಲ್ಲ. ಅದನ್ನು ಓದಿ ಕಾಕಾ ಓಣಿಗೆಲ್ಲ ಕೇಳುವಂತೆ ಕೂಗಿದ, "ಬೈದ್ಲೋ! ನನ್ನ ಬೈದ್ಲು!"

ಆಮೇಲೆ ಹೊಸ ಕಾಗದ ತಂದ. ರಟ್ಟನ್ನು ನನ್ನ ಕೈಗೆ ಕೊಟ್ಟು ಅವಳ ಎದುರಿಗೆ ಕೂತ. "ನೀಲಾ, ಅವತ್ತ ಬಾಗಲದಾಗ ನಿಂತು ಏನಂದಿ? ಇದ್ದದ್ದ ಬರಿ. ನಂಗೇನೂ ಆಗೂದಿಲ್ಲ."

ಕಾಕು ಬಹಳ ಹೊತ್ತು ಅವನ ಮುಖ ನೋಡಿದಳು. ಮುಖದ ಚಲಿಸುವ ಅರ್ಧಭಾಗವೂ ಚಲಿಸಲಿಲ್ಲ. ಗೋಣು ಹಾಕಿ ಮುಗಿಸುವ ಹಾಗಿರಲಿಲ್ಲ ಈಗ. ಬಗ್ಗಿ ಬರೆದಳು: ನೆನಪಿಲ್ಲ.

"ಇರ್ಲಿ ಬಿಡು," ಅಂದ ಕಾಕಾ. ಕಾಗದ ಮಡಿಚಿ ಕಿಸೆಯಲ್ಲಿಟ್ಟು ಹಿತ್ತಲಿಗೆ ಹೋದ. ಮಷೀನು ಶುರುವಾಯಿತು. ಎಷ್ಟು ಹೊತ್ತಾದರೂ ಉಳಿ ಕಟ್ಟಿಗೆಗೆ ತಾಗುವ ಸದ್ದು ಬರಲಿಲ್ಲವೆಂದು ಇಣುಕಿದೆ. ಮಷೀನಿಗೆ ಏನೂ ಹಾಕಿರಲಿಲ್ಲ. ಅದು ಸುಮ್ಮನೆ ತಿರುಗುತ್ತಿತ್ತು, ಕಾಕಾ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದ. ಭುಜಗಳು ಅಲುಗುತ್ತಿದ್ದವು.

ಆ ಹಲಸಿನದೇ ಅವನು ಮಾಡಿದ ಕಡೆಯ ಪೆನ್ನು. ಕಾಕು ಆಮೇಲೆ ಅದರಲ್ಲಿ ಬಹಳಷ್ಟು ಬರೆದಳು. ಫ್ಯಾನ್ ಹಚ್ಚಿ, ಗಡ್ಡ ಬೋಳಿಸಿಕೊಳ್ಳಿ, ನಿಮ್ಮ ಅಂಗಿ ನಾರುತ್ತಿದೆ. ನನಗೂ ಒಮ್ಮೆ ಬರೆದಳು: ಎಷ್ಟು ಮಾತಾಡ್ತೀಯೋ. ಆದರೆ ಮುಂದಿನ ಮಳೆಗಾಲವನ್ನು ಅವಳು ಕಾಣಲಿಲ್ಲ.

ಬೀಗರನ್ನು ಬಸ್ಸು ಹತ್ತಿಸಿ ಮೊನ್ನೆ ನೇರ ಕಾಕಾನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ. ಈಗ ಅವನಿಗೊಂದು ರೂಢಿ. ಓಣಿಯಲ್ಲಿ ಯಾರು ಏನೇ ಅಂದರೂ ಪೂರ್ತಿ ಕೇಳಲೇಬೇಕು. ಕಾಯಿಪಲ್ಲೆಯವಳು ದೂರದಿಂದ ಕೂಗಿದರೆ ಎದ್ದು ಅವಳ ತನಕ ನಡೆದು, "ಏನಂದಿವಾ?" ಅನ್ನುತ್ತಾನೆ. ಪಾಪ, ಅವಳು ಮೆಂತ್ಯ ಅಂತ ಮತ್ತೊಮ್ಮೆ ಹೇಳುತ್ತಾಳೆ. ಹೋದಾಗಲೆಲ್ಲ ಅವನ ಬಳಿ ಒಂದು ಹೊಸ ಊಹೆ ಇರುತ್ತದೆ. "ಹಳಿಯಾಳಕ್ಕ ತಂಗಿ ಮನಿಗೆ ಹೋಗೂಣು ಅಂತಿದ್ಲೇನೋ." "ಬೆಕ್ಕು ಹಾಲ ಕುಡೀತು ಅನ್ನಾಕ ಬಂದಿರಬೇಕು." ಮೊನ್ನೆ ಊಹೆ ಹೇಳಲಿಲ್ಲ. ನನ್ನ ಮೊಣಕಾಲ ಮೇಲೆ ಕೈಯಿಟ್ಟು ಕೇಳಿದ, "ಆಕಿ ಕಟ್ಟಿ ಮ್ಯಾಲ ಮಾತು ಕಲತಾವ ನೀ. ನೀನ ಹೇಳು, ಏನಂದಿದ್ದಾಳು?"

ಹೆಂಡತಿಯೊಬ್ಬಳು ಬೆಳಗ್ಗೆ ಬಾಗಿಲಲ್ಲಿ ನಿಂತು ಗಂಡನಿಗೆ ಏನೇನು ಹೇಳಬಹುದು ಎಂದು ಕೇಳಿದ್ದರೆ ಸಂಜೆತನಕ ಹೇಳುತ್ತಿದ್ದೆ. ಆದರೆ ಅವನು ಕೇಳಿದ್ದು ಕಾಕು ಆಡಿದ ಮಾತನ್ನು. "ನಂಗೂ ಗೊತ್ತಿಲ್ಲ ಕಾಕಾ," ಅಂದೆ.

ಅವನು ನನ್ನ ಮೊಣಕಾಲ ಮೇಲಿಂದ ಕೈ ತೆಗೆದ.

"ನೀನರ ಒಂದು ಸುಳ್ಳ ಹೇಳ್ತಿ ಅಂತ ಮಾಡಿದ್ದೆ," ಅಂದ.

ಮನೆಗೆ ಬಂದು ಕೂತಮೇಲೆ ಸುಳ್ಳುಗಳು ಒಂದರ ಹಿಂದೊಂದು ಹೊಳೆಯುತ್ತಿವೆ, ಎಲ್ಲವೂ ಚೆಂದದವೇ. ಒಂದೂ ನೀಲಾ ಕಾಕುನ ದನಿಯಲ್ಲಿ ಕೇಳುತ್ತಿಲ್ಲ.